ಸಾಕ್ಷಿ ಸೀಸೆ

ಲಾಳಿಕೆಗಳಲ್ಲಿ ಕೊನೆಯದನ್ನು ಸೀಮೆಎಣ್ಣೆಯಲ್ಲಿ ಜಾಲಿಸಿ ಅಕ್ಕ ಬೆಳಕಿಗೆ ಹಿಡಿದು ನೋಡಿದಳು. ಅಂಚಿನಲ್ಲಿ ಒರೆಸುವ ಬಟ್ಟೆಯ ಒಂದು ಎಳೆ ದಾರ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದಳು, ಬರಲಿಲ್ಲ. ಮತ್ತೆ ಬಕೆಟ್ಟಿಗೆ ಅದ್ದಿದಳು. ಇನ್ನೊಂದು ವಾರ ಕಳೆದರೆ ಈ ಲಾಳಿಕೆಗೆ ಯಾರೂ ಏನೂ ಸುರಿಯುವುದಿಲ್ಲ, ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋಗುತ್ತಾನೆ. ಗುಜರಿಗೆ ಹೋಗುವ ಲಾಳಿಕೆಯಲ್ಲಿ ದಾರ ಇದ್ದರೇನು, ಹಗ್ಗ ಇದ್ದರೇನು! ಆದರೂ ಕೈ ಕೇಳಬೇಕಲ್ಲ. ಕೈಗೆ ಇನ್ನೂ ಸುದ್ದಿ ಮುಟ್ಟಿದ ಹಾಗಿರಲಿಲ್ಲ.

ರೇಸ್ ಟ್ರ್ಯಾಕಿನ ಹಿಂಬಾಗಿಲ ಪಕ್ಕದ ಆ ತಗಡಿನ ಶೆಡ್ಡಿಗೆ ಬರುವವರಿಗೆಲ್ಲ ಅವಳು ಅಕ್ಕ. ಅವಳಿಗಿಂತ ಹಿರಿಯರಾದ ಮೆಕ್ಯಾನಿಕ್‌ಗಳಿಗೂ ಅಕ್ಕ, ನಿನ್ನೆ ಮೊನ್ನೆ ಲೈಸೆನ್ಸು ಸಿಕ್ಕ ಡ್ರೈವರುಗಳಿಗೂ ಅಕ್ಕ. ನಿಜವಾಗಿ ಹಾಗೆ ಕರೆಯಬೇಕಾದವನೊಬ್ಬ ಇದ್ದ. ಅವನು ಕರೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಬಂಕಿನಿಂದ ಬರುವ ಮಾಮೂಲಿ ಪೆಟ್ರೋಲಿಗೆ ಎಥನಾಲು, ಟೊಲುಯೀನು, ಇನ್ನೂ ಒಂದೆರಡು ದ್ರವಗಳನ್ನು ಅಳೆದು ಬೆರೆಸಿ, ಅದರ ಆಕ್ಟೇನ್ ನಂಬರನ್ನು ಮೇಲಕ್ಕೇರಿಸಿ ಸ್ಪೋರ್ಟ್ಸ್ ಕಾರಿನವರಿಗೆ ಕೊಡುವುದು. ಮುಂದಿನ ಸೀಸನ್ನಿನಿಂದ ಅದೂ ಇಲ್ಲ. ಎಲ್ಲ ಕಾರಿಗೂ ಒಂದೇ ಇಂಧನ, ಕಂಪನಿಯಿಂದಲೇ ಸೀಲು ಹಾಕಿದ ಡ್ರಮ್ಮಿನಲ್ಲಿ ಬರುತ್ತದೆ, ಕೈಮಿಶ್ರಣಕ್ಕೆ ಟ್ರ್ಯಾಕಿನೊಳಗೆ ಜಾಗವಿಲ್ಲ ಎಂದು ಆಫೀಸಿನವರು ತಿಳಿಸಿದ್ದರು. ಅಕ್ಕನಿಗೆ ಸಿಟ್ಟು ಬಂದಿರಲಿಲ್ಲ. ಮಂಡಿ ಎರಡೂ ನೋಯುತ್ತಿದ್ದವು. ಡ್ರಮ್ಮು ಉರುಳಿಸಿದ ರಾತ್ರಿ ತೋಳು ಮಂಚದ ಮೇಲೆ ಬೇರೆಯವರದರಂತೆ ಬಿದ್ದಿರುತ್ತಿತ್ತು. ಹೋಗಲಿ ಬಿಡು, ಎಂದುಕೊಂಡಿದ್ದಳು. ಈಚೆಗೆ ಅವಳು ಬಹಳಷ್ಟು ವಿಷಯಗಳಿಗೆ ಹೇಳುತ್ತಿದ್ದದ್ದು ಅದನ್ನೇ.

"ಅಕ್ಕಾ, ಇದ್ದೀರಾ?"

ಬೇಕರಿಯವನು. ಬೆಳಗಿನ ಬ್ರೆಡ್ಡು ಮುಗಿಸಿ, ಮೊಣಕೈತನಕ ಹಿಟ್ಟು ಮೆತ್ತಿಕೊಂಡೇ ಬಂದಿದ್ದ. ಅವನ ಹತ್ತಿರ ಮೂರನೆಯ ಕೈಯಿಂದ ಕೊಂಡ ಕೆಂಪು ಸ್ಪೋರ್ಟ್ಸ್ ಕಾರಿತ್ತು. ಅದು ಓಡಿದ್ದಕ್ಕಿಂತ ಜಾಕಿನ ಮೇಲೆ ನಿಂತದ್ದೇ ಹೆಚ್ಚು.

"ಹೊರಗೇ ನಿಂತ್ಕೋ. ಫೋನು ಡಬ್ಬಿಗೆ ಹಾಕು. ಅಂಗಿ ಯಾವುದು?"

"ಹತ್ತಿದು ಅಕ್ಕ, ಅಪ್ಪಟ ಹತ್ತಿ. ಮುಟ್ಟಿ ನೋಡಿ ಬೇಕಾದ್ರೆ."

"ನಿನ್ನ ಅಂಗಿ ಮುಟ್ಟಿ ನಾನೇನ್ ಮಾಡ್ಲಿ? ಒಳಗ್ ಬಾ."

ನೈಲಾನ್ ತೊಟ್ಟವರಿಗೆ ಆ ಶೆಡ್ಡಿನಲ್ಲಿ ಪ್ರವೇಶವಿರಲಿಲ್ಲ, ಬಟ್ಟೆಯ ಕಿಡಿಗೆ ಅಕ್ಕ ಅಷ್ಟು ಹೆದರುತ್ತಿದ್ದಳು. ಫೋನುಗಳಿಗೆಂದೇ ಹೊರಗಿನ ಕಿಟಕಿಯ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅವಳದೂ ಅದರಲ್ಲೇ ಇರುತ್ತಿತ್ತು.

"ಇವತ್ತು ಇರೋದ್ರಲ್ಲೇ ದೊಡ್ಡ ನಂಬರು ಕೊಡಿ" ಎಂದ ಬೇಕರಿಯವನು. "ಮುಚ್ಚೋ ಅಂಗಡಿ, ಕೊನೇ ಗಿರಾಕಿ. ಸ್ವಲ್ಪ ಕೈ ಬಿಚ್ಚಿ ಹಾಕಿ."

"ನಂಬರು ಜಾಸ್ತಿ ಆದ್ರೆ ನಿನ್ನ ಕಾರಿಗೆ ರೆಕ್ಕೆ ಬರಲ್ಲ ಕಣಯ್ಯಾ. ಎಷ್ಟು ಸಲ ಹೇಳೋದು?"

"ಹೇಳಿ, ಹೇಳಿ. ಮುಂದಿನ ವಾರದಿಂದ ಯಾರು ಬೈತಾರೆ ನನ್ನ?"

ಅಕ್ಕನಿಗೆ ನಗು ಬಂತು, ಆದರೆ ನಗುವಷ್ಟು ಕಸುವಿರಲಿಲ್ಲ. ಕಿಡಿ ಹುಟ್ಟದಿರಲೆಂದು ಗೋಡೆಯಿಂದ ಇಳಿಬಿದ್ದ ತಾಮ್ರದ ತಂತಿಯ ಕ್ಲಿಪ್ಪನ್ನು ಡ್ರಮ್ಮಿನ ಅಂಚಿಗೆ ಕಚ್ಚಿಸುತ್ತ ಹೇಳಿದಳು. "ನಂಬರು ಅಂದ್ರೆ ಬಲ ಅಲ್ಲ, ತಡ್ಕೊಳ್ಳೋ ಶಕ್ತಿ. ಇಂಜಿನ್ನು ಒಳಗೆ ಪೆಟ್ರೋಲನ್ನ ಚೆನ್ನಾಗಿ ಅದುಮುತ್ತೆ. ಪ್ಲಗ್ಗು ಕಿಡಿ ಕೊಡೋವರೆಗೂ ಅದು ಸುಮ್ಮನಿರಬೇಕು. ಕಡಿಮೆ ನಂಬರಿಂದು ಸುಮ್ಮನಿರಲ್ಲ, ಅದುಮ್ತಿದ್ದ ಹಾಗೇ ತಾನಾಗೇ ಭಗ್ ಅನ್ನುತ್ತೆ. ಪಿಸ್ಟನ್ನಿಗೆ ಸುತ್ತಿಗೇಲಿ ಹೊಡೆದ ಹಾಗೆ. ಬಿಗಿಯಾಗಿ ಅದುಮೋ ಇಂಜಿನ್ನಿಗೆ ದೊಡ್ಡ ನಂಬರು ಬೇಕು. ನಿನ್ನದು ಅದುಮೋದೇ ಇಲ್ಲ, ಸುಮ್ನೆ ಮೈದಡವುತ್ತೆ."

"ಹಾಗಾದ್ರೆ ನನ್ನದೂ ಬಂಕಿನ ನಂಬರೇ ಅಕ್ಕ. ಓವನ್ ಮುಂದೆ ನಿಂತಾಗ ಯಾರಾದ್ರೂ ಒಂದು ಮಾತಂದ್ರೆ ಸಾಕು, ಕಿಡಿ ಗಿಡಿ ಏನೂ ಬೇಡ."

ಅವಳು ಅಳೆಯತೊಡಗಿದಳು. ಅಳತೆಯ ಪಾತ್ರೆಯನ್ನು ಬಾಯಿ ಮಟ್ಟಕ್ಕೆ ತುಂಬಿಸಿ, ಕಣ್ಣಿನ ನೇರಕ್ಕೆ ತಂದು ನೋಡಿ, ಲಾಳಿಕೆಗೆ ನಿಧಾನವಾಗಿ ಸುರಿದಳು. ಸುರಿದ ಮೇಲೆ ಕಿಟಕಿಯ ಕಟ್ಟೆಯ ಮೇಲೆ ಒಂದು ಬಾಟಲಿ ಮುಚ್ಚಳ ಇಟ್ಟಳು. ಎರಡನೆಯ ಪಾತ್ರೆ, ಎರಡನೆಯ ಮುಚ್ಚಳ.

"ಇದ್ಯಾಕೆ? ನಿಮಗೆ ಎಣಿಸೋಕೆ ಬರಲ್ವಾ?"

"ಬರುತ್ತೆ. ಬರುತ್ತೆ ಅಂದ್ಕೊಂಡಿದ್ದಾಗ ಮುಚ್ಚಳ ಇಡ್ತಿರಲಿಲ್ಲ" ಎಂದಳು ಅಕ್ಕ.

ಮಿಶ್ರಣ ಮುಗಿಯಿತು. ಚಿಟಿಕೆ ನೀಲಿ ಬಣ್ಣ ಬಿದ್ದು ಒಳಗೆಲ್ಲ ಹರಡಿತು. ಅವಳ ಮಿಶ್ರಣಕ್ಕೆ ನೀಲಿಯೇ ಗುರುತು. ಆಮೇಲೆ ಸಾಕ್ಷಿ ಸೀಸೆ. ಇದು ಆ ಶೆಡ್ಡಿನ ಕಟ್ಟಳೆ. ಡ್ರಮ್ಮು ಹೊರಗೆ ಹೋಗುವ ಮೊದಲು ಅಂಗೈಯಗಲದ ಒಂದು ಗಾಜಿನ ಸೀಸೆಗೆ ಅದೇ ಮಿಶ್ರಣವನ್ನು ತುಂಬಿ, ಮುಚ್ಚಳದ ಮೇಲೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ, ಬೆರೆಸಿದವರೂ ಇಂಜಿನ್ನು ಹದಮಾಡುವವರೂ ಅದರ ಮೇಲೆ ರುಜು ಹಾಕಬೇಕು. ಓಟದಲ್ಲಿ ಏನಾದರೂ ಎಡವಟ್ಟಾದರೆ ಇಬ್ಬರ ಒಪ್ಪಿಗೆಯ ಮೇಲೆ ಸೀಸೆ ಲ್ಯಾಬಿಗೆ ಹೋಗುತ್ತದೆ. ಏನೂ ಆಗದಿದ್ದರೆ ಓಟ ಮುಗಿದ ಮೇಲೆ ಜನರೇಟರಿಗೆ ಸುರಿದು ಸೀಸೆ ತೊಳೆದಿಡುವುದು. ಒಬ್ಬರೇ ಪಟ್ಟಿ ಹರಿಯುವ ಹಾಗಿಲ್ಲ. ಬೇಕರಿಯವನ ಕಾರಿಗೆ ಅವನೇ ಡ್ರೈವರು, ಅವನೇ ಮೆಕ್ಯಾನಿಕ್ಕು. ಕೈ ಒರೆಸಿಕೊಂಡು ರುಜು ಹಾಕಿದರೂ ಪಟ್ಟಿಯ ಮೇಲೆ ಹಿಟ್ಟಿನ ಬೆರಳಚ್ಚು ಬಿತ್ತು.

"ಕೊಡಿ ಇಲ್ಲಿ, ನಾನೇ ಮೇಲಿಡ್ತೀನಿ. ನಿಮಗೆ ಎಟುಕಲ್ಲ."

ಅವನು ಸ್ಟೂಲು ಹತ್ತಿದ. ಹಲಗೆಯ ಮೇಲೆ ಉಳಿದಿದ್ದ ನಾಲ್ಕಾರು ಸೀಸೆಗಳನ್ನು ಪಕ್ಕಕ್ಕೆ ಸರಿಸಿದ. ಹಿಂದೆ ಇನ್ನೊಂದು ಕಂಡಿತು.

"ಇದೇನಕ್ಕ, ಹಾಲಿಲ್ಲದ ಟೀ ತುಂಬಿಟ್ಟಿದ್ದೀರಾ?"

"ಮುಟ್ಟಬೇಡ!"

ಅಷ್ಟು ಹೊತ್ತಿಗೆ ಅದು ಅವನ ಕೈಯಲ್ಲಿತ್ತು. ಅವಳ ದನಿಗೆ ಬೆಚ್ಚಿದರೂ ಸದ್ಯ ಬೀಳಿಸಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಓವನ್ನಿನಿಂದ ಇಳಿಸಿದ ತಟ್ಟೆಯಂತೆ ಅವಳ ಕೈಗೆ ಕೊಟ್ಟ.

ಅಕ್ಕ ನೋಡಿದಳು. ನೀಲಿ ಇರಲಿಲ್ಲ. ಕಂದು ಬಣ್ಣ, ತಳದಲ್ಲಿ ಅಂಟು ಅಂಟಾದ ಗೆರೆ. ಕುತ್ತಿಗೆವರೆಗೆ ತುಂಬಿಸಿದ್ದು ಈಗ ಭುಜಕ್ಕಿಂತ ಎಷ್ಟೋ ಕೆಳಗೆ ನಿಂತಿತ್ತು. ಪಟ್ಟಿ ಹರಿದಿರಲಿಲ್ಲ. ಅದರ ಮೇಲೆ ಎರಡು ರುಜು, ಒಂದು ಅವಳದು, ಒಂದು ಅವಳ ತಮ್ಮನದು. ಮುದ್ರೆ ಒಡೆಯದೆಯೇ ಒಳಗಿದ್ದದ್ದು ಹೊರಟುಹೋಗಿತ್ತು.

"ನೀವೇ ತಾನೆ ಹೇಳೋದು, ಪೆಟ್ರೋಲು ಇಟ್ಟಷ್ಟೂ ಕೆಡುತ್ತೆ, ಮೂರು ತಿಂಗಳ ಮೇಲೆ ಇಟ್ಕೋಬೇಡ ಅಂತ?" ಎಂದ ಬೇಕರಿಯವನು. ಚುಚ್ಚಲು ಅಂದ ಮಾತಲ್ಲ, ಪಾಪ, ನೆನಪಾಗಿ ಅಂದ. "ಹೋದ ವರ್ಷ ನನ್ನ ಕ್ಯಾನು ನೋಡಿ ಎಷ್ಟು ರೇಗಿದ್ರಿ! ಅರ್ಧ ಟ್ರ್ಯಾಕಿಗೆ ಕೇಳಿಸಿತ್ತು."

"ಹೂಂ" ಎಂದಳು ಅಕ್ಕ. "ರೇಗಿದ್ದೆ."

ಅವನು ಹೋದ ಮೇಲೆ ಅವಳು ಬಕೆಟ್ಟನ್ನು ಕವುಚಿ ಹಾಕಿ ಅದರ ಮೇಲೆ ಕುಳಿತಳು. ಸೀಸೆ ಮಡಿಲಲ್ಲಿತ್ತು.

ತಮ್ಮನಿಗೆ ಟ್ರ್ಯಾಕಿನಲ್ಲಿ ಕಿವಿಯಪ್ಪ ಎಂದೇ ಹೆಸರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಒಳಗೆ ಎಲ್ಲಿ ಕುಟ್ಟುತ್ತಿದೆ, ಎಲ್ಲಿ ಉಜ್ಜುತ್ತಿದೆ ಎಂದು ಹೇಳುತ್ತಿದ್ದ. ಅಕ್ಕ ಬೆರೆಸುವುದು, ತಮ್ಮ ಹದಮಾಡುವುದು. ಅವಳು ಇಂಥ ನಂಬರು ಎಂದರೆ ಅವನು ಮರುಮಾತಾಡದೆ ಅದಕ್ಕೆ ತಕ್ಕ ಹಾಗೆ ತನ್ನ ಟೈಮಿಂಗ್ ಲೈಟು ಹಿಡಿದು ನೋಡಿಕೊಂಡು, ಕಿಡಿ ಇನ್ನಷ್ಟು ಬೇಗ ಹಾರುವಂತೆ ಟೈಮಿಂಗನ್ನು ಮುಂದಕ್ಕೆ ತಿರುಗಿಸುತ್ತಿದ್ದ. ಹೆಚ್ಚು ತಿರುಗಿಸಿದರೆ ಬಲವೂ ಹೆಚ್ಚು, ಪಿಸ್ಟನ್ನಿಗೆ ಪೆಟ್ಟೂ ಹೆಚ್ಚು. ಹಾಗೆ ನಡೆದುಕೊಂಡು ಬಂದಿತ್ತು. ಒಂದು ಓಟದಲ್ಲಿ, ಅವರಿಬ್ಬರೂ ಕೈಯಾರೆ ಸಿದ್ಧಪಡಿಸಿದ ಬಿಳಿ ಕಾರಿನ ಇಂಜಿನ್ನು ಅರ್ಧ ಓಟಕ್ಕೆ ಕೆಮ್ಮಿ ಹೊಗೆಯುಗುಳಿ ನಿಂತಿತು. ಬಿಚ್ಚಿ ನೋಡಿದರೆ ಪಿಸ್ಟನ್ನಿನಲ್ಲಿ ತೂತು. ಡ್ರೈವರು ಏನೂ ಅನ್ನಲಿಲ್ಲ, ಅಂದಾಡಿಕೊಂಡದ್ದು ಇವರಿಬ್ಬರೇ.

"ನಿನ್ನ ನಂಬರು ಕಮ್ಮಿ ಬಿದ್ದಿದೆ" ಎಂದ ತಮ್ಮ.

"ನೀನು ಆಸೆಬುರುಕನ ಹಾಗೆ ಟೈಮಿಂಗು ತಿರುಗಿಸಿದ್ದೀಯ" ಎಂದಳು ಅಕ್ಕ.

"ಟೊಲುಯೀನು ಎಷ್ಟು ಅಳತೆ ಹಾಕಿದೆ?"

"ನಾಲ್ಕು."

"ನೆನಪಿದ್ಯಾ?"

"ನನ್ನ ಕೈ ನನಗೆ ಗೊತ್ತಿಲ್ವೇನೋ?"

ಬೆಂಕಿಗೆ ಕಾಯುವ ಮಾತುಗಳಲ್ಲ ಅವು, ತಾವಾಗಿಯೇ ಹೊತ್ತಿಕೊಂಡವು. ಯಾವತ್ತಿನದೋ ಹಳೆಯ ಸಿಟ್ಟುಗಳೆಲ್ಲ ಎದ್ದು ಬಂದವು. ತಮ್ಮ ಸಂಸಾರ ಕಟ್ಟಿಕೊಂಡು ಬೇರೆ ಊರಿನ ವರ್ಕ್‌ಶಾಪಿಗೆ ಹೋದ. ಒಂದೆರಡು ತಿಂಗಳಾದ ಮೇಲೆ ಅವನಿಂದ ಒಂದು ಕಾಗದ ಬಂತು. ಅದರಲ್ಲಿ ಇದ್ದದ್ದು ಇಷ್ಟೇ: ಸೀಸೆಯನ್ನು ಲ್ಯಾಬಿಗೆ ಕಳಿಸು, ನನ್ನ ಒಪ್ಪಿಗೆ ಇದೆ.

ಅವಳು ಕಳಿಸಲಿಲ್ಲ, ಉತ್ತರವನ್ನೂ ಬರೆಯಲಿಲ್ಲ. ಈ ತಿಂಗಳು ಕೆಲಸ, ಮುಂದಿನ ತಿಂಗಳು ಎಂದುಕೊಂಡಳು. ಸೀಸನ್ನು ಮುಗಿಯಲಿ, ಮಂಡಿ ನೋವು ಇಳಿಯಲಿ ಎಂದುಕೊಂಡಳು. ಕಾರಣಗಳಿಗೇನು ಬರ. ನಿಜವಾದ ಕಾರಣ ಬೇರೆಯಿತ್ತು. ಆ ಬೆಳಿಗ್ಗೆ ಅವಳು ಅಳೆಯುತ್ತಿದ್ದಾಗ ಯಾರೋ ಬಾಗಿಲಲ್ಲಿ ನಿಂತು ಏನೋ ಕೇಳಿದ್ದರು. ಅವಳು ತಿರುಗಿ ಉತ್ತರಿಸಿ ಮತ್ತೆ ಡ್ರಮ್ಮಿನ ಕಡೆ ತಿರುಗಿದ್ದಳು. ತಿರುಗುವ ಮೊದಲು ಮೂರೋ, ತಿರುಗಿದ ಮೇಲೆ ನಾಲ್ಕೋ? ಹಗಲು ಹೊತ್ತು ನೆನೆದರೆ ನಾಲ್ಕು. ಮಂಚದ ಮೇಲೆ ಬಿದ್ದುಕೊಂಡು ನೆನೆದರೆ ಮೂರು. ಹಲಗೆಯ ಧೂಳು ಹೊಡೆಯುವಾಗ ಅವಳು ಆ ಸೀಸೆಯ ಸುತ್ತ ಒರೆಸುತ್ತಿದ್ದಳೇ ಹೊರತು ಅದನ್ನು ಎತ್ತುತ್ತಿರಲಿಲ್ಲ. ಎತ್ತಿದರೆ ನೋಡಬೇಕಾಗುತ್ತದೆ. ಆದರೆ ಅಲ್ಲಿ ಅದು ಇದೆ ಎಂಬುದೊಂದು ಸಮಾಧಾನವಿತ್ತು. ಎಂದಾದರೂ ಒಂದು ದಿನ ಧೈರ್ಯ ಬಂದಾಗ ಕೇಳಬಹುದು. ಸತ್ಯ ಹಲಗೆಯ ಮೇಲೆ ಭದ್ರವಾಗಿದೆ, ಅವಸರವೇನು?

ಪೆಟ್ರೋಲಿನಲ್ಲಿ ಸತ್ಯವನ್ನು ಕೂಡಿಟ್ಟವಳು ಅವಳು. ಜೀವಮಾನವೆಲ್ಲ ಪೆಟ್ರೋಲು ಮುಟ್ಟಿದವಳು.

ಹೊರಗೆ ಬಿಸ್ಕತ್ತಿನ ಡಬ್ಬಿ ಗಡಗಡ ಅಲುಗಾಡಿತು. ಅಕ್ಕ ಸೀಸೆಯನ್ನು ಮೇಜಿನ ಮೇಲಿಟ್ಟು, ಮಂಡಿ ಹಿಡಿದುಕೊಂಡು ಎದ್ದು ಹೊರಗೆ ಬಂದಳು. ತಮ್ಮನ ಹೆಂಡತಿ. ತಿಂಗಳಿಗೊಂದು ಸಲ ಅವಳು ಫೋನು ಮಾಡುತ್ತಿದ್ದಳು. ಮುರಿದ ಮನೆಯಲ್ಲಿ ಒಂದು ಕಿಟಕಿಯಾದರೂ ತೆರೆದಿರಲಿ ಎನ್ನುವ ಜಾತಿಯ ಹೆಂಗಸು.

"ಅಕ್ಕಾ, ಶೆಡ್ಡು ಮುಚ್ತಾರಂತೆ ಹೌದಾ?"

"ಹೌದಮ್ಮ. ನಿಮಗೂ ಗೊತ್ತಾಯ್ತಾ?"

"ಇವರ ವರ್ಕ್‌ಶಾಪಿಗೆ ಯಾರೋ ಬಂದು ಹೇಳಿದ್ರಂತೆ. ಮನೆಗ್ ಬಂದು ಊಟಕ್ಕೆ ಕೂತವರು ಕೈ ಹಾಗೇ ಇಟ್ಕೊಂಡು ಸೀಸೆ ಏನಾಯ್ತು ಅಂತ ಕೇಳು ಅಂದ್ರು. ಶೆಡ್ಡು ಖಾಲಿ ಮಾಡುವಾಗ ಸೀಸೆ ಎಸೀಬೇಡ ಅನ್ನು ಅಂದ್ರು."

ಅಕ್ಕ ಕಿಟಕಿಯಲ್ಲಿ ಇಣುಕಿ ಮೇಜಿನ ಮೇಲಿದ್ದ ಸೀಸೆಯನ್ನು ನೋಡಿದಳು. "ಇದೆ" ಎಂದಳು. ಸುಳ್ಳಲ್ಲ. ಸೀಸೆ ಇತ್ತು.

"ಅವನೇ ಕೇಳಬಾರದಾ?" ಅಕ್ಕನೇ ಮುಂದುವರಿಸಿದಳು. "ಪಕ್ಕದಲ್ಲೇ ಇರ್ತಾನೆ, ಇಲ್ಲ ಅಂತ ಹೇಳಿಸ್ತಾನೆ. ಇಷ್ಟು ವರ್ಷ ಆಯ್ತು, ಒಂದು ಹಲೋ ಅಂದಿಲ್ಲ. ಅಷ್ಟೊಂದು ಹಟ ಇರಬಾರದು ಕಣಮ್ಮ."

ಆ ಕಡೆ ಪಾತ್ರೆ ಉಜ್ಜುವ ಸದ್ದು ನಿಂತಿತು. ತಮ್ಮನ ಹೆಂಡತಿ ದನಿ ತಗ್ಗಿಸಿದಳು.

"ಹಟ ಅಲ್ಲ ಅಕ್ಕ. ಅವರಿಗೆ ಕೇಳಿಸಲ್ಲ."

"ಏನು?"

"ಕಿವಿ ಹೋಗಿದೆ. ಎದುರು ನಿಂತು ಕೂಗಿದ್ರೆ ಅಷ್ಟಿಷ್ಟು, ಫೋನಲ್ಲಂತೂ ಒಂದಕ್ಷರ ತಿಳಿಯಲ್ಲ. ನಿಮಗೆ ಗೊತ್ತಾಗಬಾರದು ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದಾರೆ. ಕಿವಿಯಪ್ಪನ ಕಿವಿ ಕೆಟ್ಟಿದೆ ಅಂದ್ರೆ ಅಕ್ಕ ನಗ್ತಾಳೆ ಅಂತಾರೆ."

"ಯಾವಾಗಿಂದ?"

"ನಿಧಾನಕ್ಕೆ ಆಗಿದ್ದು, ಯಾವಾಗಿಂದ ಅಂತ ಹೇಳ್ಲಿ? ಒಂದೊಂದು ಸಲ ಅವರೇ ಅಂತಾರೆ, ಆವತ್ತೇ ಇಂಜಿನ್ನು ಕುಟ್ಟಿದ್ದು ನನಗೆ ಕೇಳಿಸಿರಲಿಲ್ವೋ ಏನೋ ಅಂತ. ಬೆಳಿಗ್ಗೆ ಎದ್ದ ಮೇಲೆ ಅಲ್ಲ ಅಲ್ಲ, ಅವಳದೇ ತಪ್ಪು ಅಂತಾರೆ. ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡಿ. ಕೈ ಮುಗೀತೀನಿ."

"ಹೇಳಲ್ಲ ಬಿಡು" ಎಂದಳು ಅಕ್ಕ. ಫೋನನ್ನು ಡಬ್ಬಿಗೆ ಹಾಕಿ ಅಲ್ಲೇ ಗೋಡೆಗೊರಗಿದಳು. ಟ್ರ್ಯಾಕಿನ ಕಡೆಯಿಂದ ಅಭ್ಯಾಸದ ಕಾರುಗಳ ಸದ್ದು ಹತ್ತಿರ ಬಂದು ದೂರ ಹೋಗುತ್ತಿತ್ತು. ತಿರುವಿನಲ್ಲಿ ಒಂದು ಇಂಜಿನ್ನು ಸಣ್ಣಗೆ ಟಿಕಟಿಕ ಎಂದು ಕುಟ್ಟುತ್ತಿತ್ತು. ತಮ್ಮನಾಗಿದ್ದರೆ ಕಾರು ಕಣ್ಣಿಗೆ ಬೀಳುವ ಮೊದಲೇ ಯಾರದೆಂದು ಹೇಳುತ್ತಿದ್ದ. ಹೇಳುತ್ತಿದ್ದ, ಆಗ.

ಮೊದಲು ಬಂದದ್ದು ದುಃಖವಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊದಲು ಬಂದದ್ದು ಹಗುರ. ಹಾಗಾದರೆ ನಾಲ್ಕೇ! ನಾನು ನಾಲ್ಕು ಹಾಕಿದ್ದೆ, ಅವನಿಗೆ ಕೇಳಿಸಿರಲಿಲ್ಲ! ಆ ಹಗುರ ಎರಡು ಕಾರು ದಾಟಿ ಹೋಗುವಷ್ಟು ಹೊತ್ತೂ ನಿಲ್ಲಲಿಲ್ಲ. ಕಿವಿ ಮಂದವಾಗಿದ್ದರೂ ಅಳತೆ ಮೂರೇ ಇದ್ದಿರಬಹುದು. ಎರಡೂ ಇದ್ದಿರಬಹುದು. ಎರಡೂ ಇಲ್ಲದೆ, ಪಿಸ್ಟನ್ನಿನ ಲೋಹದಲ್ಲೇ ಏನೋ ಊನ ಇದ್ದಿರಬಹುದು. ಹೇಳಬೇಕಾದದ್ದು ಸೀಸೆ, ಅದರ ಬಾಯಿ ಕಟ್ಟಿಹೋಗಿದೆ.

ಅವಳು ಒಳಗೆ ಹೋಗಿ ಮೇಜಿನ ಮೇಲೆ ಜಾಗ ಮಾಡಿಕೊಂಡಳು. ಕಾಗದ ಹುಡುಕಿದಳು. ಮೊದಲನೆಯದರಲ್ಲಿ, ನಿನ್ನ ಕಿವಿಯ ವಿಷಯ ತಿಳಿಯಿತು, ಎಂದು ಬರೆದಳು. ಬರೆದದ್ದನ್ನು ಓದಿಕೊಂಡಳು. ಎಷ್ಟು ಮೆತ್ತಗೆ ಬರೆದರೂ ಆ ಸಾಲು, ಗೆದ್ದೆ ಎಂದೇ ಹೇಳುತ್ತಿತ್ತು. ಆಣೆ ಮುರಿದ ಹೆಂಡತಿಯ ಮೇಲೆ ಅವನು ಮುನಿಯುವುದು ಬೇರೆ. ಹರಿದು ಸೀಮೆಎಣ್ಣೆಯ ಬಟ್ಟೆಗಳ ಜೊತೆ ಹಾಕಿದಳು.

ಎರಡನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಸೀಸೆ ಕೆಟ್ಟಿದೆ ಎಂದು ಬರೆದರೆ ಅವನು ಏನನ್ನುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಬೇಕೆಂದೇ ಕೆಡಿಸಿದಳು, ಸಾಕ್ಷಿ ನುಂಗಿದಳು, ತಪ್ಪು ಅವಳದೇ ಎಂದು ಇನ್ನು ಮೇಲೆ ಧಾರಾಳವಾಗಿ ಹೇಳಬಹುದು. ಟ್ರ್ಯಾಕಿನಲ್ಲಿ ಎಲ್ಲರೂ ನಂಬುತ್ತಾರೆ. ಇಷ್ಟು ವರ್ಷ ಬೆರೆಸಿದ ಒಂದೊಂದು ಡ್ರಮ್ಮಿನ ಮೇಲೂ ಅನುಮಾನದ ನೆರಳು. ಬರೆಯದೆ ಬಿಟ್ಟರೆ? ಗುಜರಿಯವನು ಬಂದಾಗ ಒಡೆದುಹೋಯಿತು ಎಂದರೆ ಸಾಕು. ಯಾರು ಕೇಳುತ್ತಾರೆ? ಆದರೆ ತಮ್ಮ ಅಲ್ಲಿ ಊಟದ ತಟ್ಟೆಯ ಮುಂದೆ ಕುಳಿತು, ಸೀಸೆ ಇದೆ, ಸೀಸೆ ಹೇಳುತ್ತದೆ ಎಂದುಕೊಂಡೇ ಇರುತ್ತಾನೆ. ಅವಳು ಇಷ್ಟು ದಿನ ಇದ್ದ ಹಾಗೆ. ಅದು ಎಷ್ಟು ದಣಿವಿನ ಕೆಲಸ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬರೆದಳು.

"ತಮ್ಮನಿಗೆ,

ಸೀಸೆ ಕಳಿಸು ಎಂದು ನೀನು ಬರೆದಿದ್ದೆ. ನಾನು ಕಳಿಸಲಿಲ್ಲ. ಈಗ ಕಳಿಸಿ ಪ್ರಯೋಜನವಿಲ್ಲ. ನೀಲಿ ಹೋಗಿ ಕಂದಾಗಿದೆ, ಸುಮಾರು ಪಾಲು ಆರಿಹೋಗಿದೆ. ಪಟ್ಟಿ ಹರಿದಿಲ್ಲ, ನಿನ್ನ ರುಜು ನನ್ನ ರುಜು ಹಾಗೇ ಇವೆ. ಇನ್ನು ಅದನ್ನು ಯಾರು ಪರೀಕ್ಷೆ ಮಾಡಿದರೂ ಆವತ್ತಿನದು ತಿಳಿಯುವುದಿಲ್ಲ. ಇದು ನನಗಿಂತ ನಿನಗೇ ಬೇಗ ಅರ್ಥವಾಗುತ್ತದೆ.

ಬೇಕೆಂದು ಕೆಡಿಸಿದ್ದಲ್ಲ. ಹೆದರಿಕೆಯಿಂದ ಹಾಗೇ ಇಟ್ಟೆ, ಅದು ತಾನೇ ಕೆಟ್ಟಿತು. ನಾಲ್ಕು ಅಳತೆ ಎಂದು ನಿನ್ನೆದುರು ಎದೆ ತಟ್ಟಿ ಹೇಳಿದೆನಲ್ಲ, ನನಗೆ ಅಷ್ಟು ಗಟ್ಟಿಯಾಗಿ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಮೂರು ಎಂದು ನೀನು ಹೇಳುವುದಾದರೆ ಹೇಳು, ಇನ್ನು ವಾದಿಸುವ ಶಕ್ತಿ ನನಗಿಲ್ಲ.

ಮುಂದಿನ ವಾರ ಶೆಡ್ಡು ಖಾಲಿಯಾಗುತ್ತದೆ. ನಿನ್ನ ಟೈಮಿಂಗ್ ಲೈಟು ಅದೇ ಮೊಳೆಯ ಮೇಲಿದೆ, ಗುಜರಿಗೆ ಕೊಡುವುದಿಲ್ಲ. ಬಂದು ತೆಗೆದುಕೊಂಡು ಹೋಗು. ಸೀಸೆಯನ್ನೂ ಚೆಲ್ಲಬೇಕು. ಒಬ್ಬಳೇ ಪಟ್ಟಿ ಹರಿಯುವ ಹಾಗಿಲ್ಲ.

ಅಕ್ಕ"

ಹೆಸರು ಬರೆಯುವ ಜಾಗದಲ್ಲಿ ಅಕ್ಕ ಎಂದು ಬರೆದ ಮೇಲೆ ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಮಡಚಿ ಲಕೋಟೆಗೆ ಹಾಕಿ, ನಾಲಿಗೆಯಿಂದ ಅಂಚು ಒದ್ದೆ ಮಾಡಿ ಅಂಟಿಸಿದಳು. ಸೀಸೆಯನ್ನು ತಿರುಗಿ ಹಲಗೆಯ ಮೇಲಿಟ್ಟಳು. ಈ ಸಲ ಹಿಂದಕ್ಕಲ್ಲ, ಮುಂದಕ್ಕೆ, ಬೇಕರಿಯವನ ಸೀಸೆಯ ಪಕ್ಕದಲ್ಲಿ. ಶೆಡ್ಡಿಗೆ ಬೀಗ ಹಾಕಿಕೊಂಡು ಹೊರಟಳು.

ಅಂಚೆ ಕಚೇರಿಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಕೌಂಟರಿನವಳು ಬಾಗಿಲು ಹಾಕುವ ತಯಾರಿಯಲ್ಲಿದ್ದಳು. ಲಕೋಟೆಯನ್ನು ತಕ್ಕಡಿಯ ಮೇಲಿಡಲು ಹೋದವಳು ಮೂಗಿನ ಹತ್ತಿರ ತಂದಳು.

"ಪೆಟ್ರೋಲು ವಾಸನೆ ಬರ್ತಿದೆಯಲ್ಲಮ್ಮ. ಒಳಗೆ ಅಂಥದ್ದೇನೂ ಇಲ್ಲ ತಾನೆ?"

"ಇಲ್ಲಮ್ಮ, ಕಾಗದ ಅಷ್ಟೇ. ನನ್ನ ಕೈ ವಾಸನೆ ಅದು. ಎಷ್ಟು ತೊಳೆದ್ರೂ ಹೋಗಲ್ಲ."

"ರಿಜಿಸ್ಟರ್ ಮಾಡ್ಲಾ? ಸಹಿ ಹಾಕಿಸ್ಕೊಂಡು ಕೊಡ್ತಾರೆ."

ಅಕ್ಕ ಯೋಚಿಸಿದಳು. "ಬೇಡ. ಸಹಿಗಳೆಲ್ಲ ಆಗಿವೆ. ತಲುಪಿದ್ರೆ ಸಾಕು."

"ಇವತ್ತಿನ ಚೀಲ ಈಗ ಹೊರಡುತ್ತೆ. ನಾಳೆ ಕಳಿಸಿದ್ರೂ ನಡೆಯುತ್ತಾ?"

"ಇಲ್ಲ ತಾಯಿ" ಎಂದಳು ಅಕ್ಕ, ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮಂಡಿಗೆ ಬಿಡುವು ಕೊಡುತ್ತ. "ಇವತ್ತೇ ಹೋಗ್ಲಿ."

ಕೌಂಟರಿನವಳು ಅಂಚೆಚೀಟಿ ಹಚ್ಚಿದಳು. ಅದರ ಮೇಲೆ ಮುದ್ರೆ ಒತ್ತಿದಳು. ಬಾಗಿಲ ಹತ್ತಿರ ಬಾಯಿ ಕಟ್ಟುತ್ತಿದ್ದ ಚೀಲದವನನ್ನು, ತಾಳಪ್ಪಾ ಇನ್ನೊಂದಿದೆ ಎಂದು ಕೂಗಿ ನಿಲ್ಲಿಸಿ, ಲಕೋಟೆಯನ್ನು ಅದರೊಳಗೆ ಬೀಳಿಸಿದಳು.